ತೊಡೆಸಂದಿಯ ‘ಫಂಗಲ್ ಇನ್ಫೆಕ್ಷನ್’: ಬಿ36.9 ಕೋಡ್ ಯಾಕೆ ನಿಲ್ಲುವುದಿಲ್ಲ?

ಚಾರ್ಟ್‌ಓದುಗ:
ಎಲ್ಲರಿಗೂ ನಮಸ್ಕಾರ. ಅಮೆರಿಕದ ಹೊರರೋಗಿ ಚಾರ್ಟ್, ಕೋಡಿಂಗ್ ಐಸಿಡಿ-10-ಸಿಎಂನಲ್ಲಿ, ಅಂದರೆ ಅಲ್ಲಿನ ರೋಗನಿರ್ಣಯದ ಕೋಡ್‌ಪಟ್ಟಿಯಲ್ಲಿ. ವೈದ್ಯರ ಅಸೆಸ್‌ಮೆಂಟ್‌ನಲ್ಲಿ ಇರುವುದಿಷ್ಟು: ತೊಡೆಸಂದಿಯಲ್ಲಿ ಫಂಗಲ್ ಇನ್ಫೆಕ್ಷನ್, ಅಂಚಿನಾಚೆ ಸ್ಯಾಟಲೈಟ್ ಪಸ್ಟ್ಯೂಲ್ (ಬಿಡಿಬಿಡಿ ಕೀವುಗುಳ್ಳೆ), ಎರಡೂ ಕಾಲಿನ ಉಗುರು ಡಿಸ್ಟ್ರೋಫಿಕ್ (ವಿಕಾರ), ಒನಿಕೊಮೈಕೋಸಿಸ್ (ಉಗುರಿನ ಫಂಗಸ್) ಇರಬಹುದು, ಟೈಪ್ 2 ಮಧುಮೇಹ, ಕೆಒಎಚ್ (ಕೆರೆದ ಚರ್ಮದಲ್ಲಿ ಫಂಗಸ್ ಹುಡುಕುವ ಸ್ಲೈಡ್ ಪರೀಕ್ಷೆ) ಪಾಸಿಟಿವ್. ಬಿ36.9 (ಚರ್ಮದ ಫಂಗಸ್, ಅನಿರ್ದಿಷ್ಟ), ಬಿ35.1 (ಉಗುರಿನ ಫಂಗಸ್), ಇ11.628 (ಟೈಪ್ 2 ಮಧುಮೇಹದ ಇತರೆ ಚರ್ಮದ ತೊಡಕು) ಹಾಕಿದ್ದಕ್ಕೆ ಮೂರೂ ತಪ್ಪೆಂದು ಆಡಿಟ್‌ನಿಂದ ವಾಪಸ್ ಬಂದಿದೆ. ಕೆಒಎಚ್‌ಗೆ ಹಾಕಿದ ಬಿಲ್ಲಿಂಗ್ ಕೋಡ್ 87220 ಅನ್ನೂ ಮೆಡಿಕೇರ್ (ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ) ತಿರಸ್ಕರಿಸಿದೆ. ಕ್ಲಿನಿಕ್‌ಗೆ ಇರುವುದು ಪಿಪಿಎಂ ಸರ್ಟಿಫಿಕೇಟ್ (ವೈದ್ಯರೇ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಗಳ ಪರವಾನಗಿ) ಮಾತ್ರ. ಎಲ್ಲೆಲ್ಲಿ ಎಡವಿದೆ?

ಆಡಿಟ್‌ಮೇಜು:
ಕೋಡ್‌ಪುಸ್ತಕದ ಇಂಡೆಕ್ಸ್‌ನಲ್ಲಿ ಅರ್ಧಕ್ಕೇ ನಿಂತಿದ್ದೀರಿ. ಇನ್ಫೆಕ್ಷನ್, ಫಂಗಸ್ ಎಂಬಲ್ಲಿ ‘ಸ್ಕಿನ್’ ಕಂಡ ಕೂಡಲೇ ಕೋಡ್ ಎತ್ತಿಕೊಂಡರೆ ಸಿಗುವುದು ಬಿ36.9. ಅದೇ ಪಟ್ಟಿಯಲ್ಲಿ ‘ಗ್ರಾಯಿನ್’ (ತೊಡೆಸಂದಿ) ಬೇರೆಯೇ ಇದೆ, ಬಿ35.6. ಪಾದಕ್ಕೆ ಬಿ35.3, ಕೈಗೆ ಬಿ35.2, ಉಗುರಿಗೆ ಬಿ35.1, ನೆತ್ತಿ ಮತ್ತು ಗಡ್ಡ ಎರಡಕ್ಕೂ ಬಿ35.0. ಜಾಗ ಗೊತ್ತಿರುವಾಗ ಅನಿರ್ದಿಷ್ಟ ಕೋಡ್ ನಿಲ್ಲುವುದಿಲ್ಲ.

ಉಗುರಿನದು ಬೇರೆ ತಪ್ಪು. ‘ಇರಬಹುದು’, ‘ಶಂಕೆ’, ‘ರೂಲ್ ಔಟ್’ ಎಂದು ಬರೆದದ್ದನ್ನು ಹೊರರೋಗಿ ಚಾರ್ಟ್‌ನಲ್ಲಿ ಖಚಿತ ಕಾಯಿಲೆಯಾಗಿ ಕೋಡ್ ಮಾಡುವಂತಿಲ್ಲ. ಕಂಡದ್ದನ್ನಷ್ಟೇ ಹಾಕಬೇಕು: ನೇಲ್ ಡಿಸ್ಟ್ರೋಫಿ, ಎಲ್60.3.

ಮಧುಮೇಹಕ್ಕೆ ‘ವಿತ್’ ನಿಯಮ (ವೈದ್ಯರು ಬರೆಯದಿದ್ದರೂ ಎರಡು ಕಾಯಿಲೆಗೆ ಸಂಬಂಧವಿದೆ ಎಂದು ಹಿಡಿಯುವುದು) ಇದೆಯಲ್ಲ ಎಂದು ಇ11.628 ಹಾಕುವವರು ಬಹಳ. ಆದರೆ ಅದು ‘ಬೇರೆಡೆ ವರ್ಗೀಕರಿಸದ ಚರ್ಮದ ತೊಡಕು’ಗಳ ಕೋಡ್. ಇಂಥ ಇತರೆ ಕೋಡ್‌ಗಳಿಗೆ ಸಂಬಂಧವನ್ನು ನಾವೇ ಊಹಿಸುವಂತಿಲ್ಲ. ಮಧುಮೇಹದಿಂದಲೇ ಬಂದದ್ದೆಂದು ವೈದ್ಯರು ಬರೆದಿರಬೇಕು. ಇಲ್ಲದಿದ್ದರೆ, ಬೇರೆ ತೊಡಕೂ ದಾಖಲಾಗಿರದಿದ್ದರೆ, ಇ11.9, ಮಧುಮೇಹದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಜೊತೆಗೆ ಝಡ್79.84.

ಚರ್ಮವೈದ್ಯೆ:
ಮೇಲಿನವರು ಹೇಳಿದ ಇಂಡೆಕ್ಸ್ ದಾರಿ ಸರಿ. ಆದರೂ ಈ ಚಾರ್ಟ್‌ಗೆ ಬಿ35.6 (ಟೀನಿಯಾ ಕ್ರೂರಿಸ್, ಅಂದರೆ ತೊಡೆಸಂದಿಯ ಹುಳುಕಡ್ಡಿ) ಹಾಕಿ ಮುಚ್ಚಬೇಡಿ, ದಯವಿಟ್ಟು. ಸ್ಯಾಟಲೈಟ್ ಪಸ್ಟ್ಯೂಲ್ ಕ್ಯಾಂಡಿಡಾ ಎಂಬ ಯೀಸ್ಟ್‌ನ ಗುರುತು, ಅದಾದರೆ ಕೋಡ್ ಬಿ37.2. ಟೀನಿಯಾ ಕ್ರೂರಿಸ್‌ನಲ್ಲಿ ಅಂಚು ಉಬ್ಬಿ ಹೊಟ್ಟು ಏಳುತ್ತದೆ, ನಡುಭಾಗ ತಿಳಿಯಾಗುತ್ತದೆ, ವೃಷಣದ ಚರ್ಮ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. ಕ್ಯಾಂಡಿಡಾ ಮಡಿಕೆಯ ಆಳದಲ್ಲಿ ಕೆಂಪಾಗಿ ಒದ್ದೆಯಾಗಿರುತ್ತದೆ, ವೃಷಣವನ್ನೂ ಬಿಡುವುದಿಲ್ಲ. ಹಾಗೆಂದು ಈ ವಿವರ ನೋಡಿ ಕೋಡರ್ ತಾನೇ ನಿರ್ಧರಿಸುವಂತಿಲ್ಲ. ವೈದ್ಯರಿಗೆ ಕ್ವೆರಿ (ಸ್ಪಷ್ಟನೆ ಕೇಳುವ ಪ್ರಶ್ನೆ) ಕಳಿಸಬೇಕು. ಕ್ವೆರಿಯಲ್ಲಿ ಉತ್ತರವನ್ನು ಬಾಯಿಗಿಡಬಾರದು: ಡರ್ಮಟೊಫೈಟ್ (ಟೀನಿಯಾ ತರುವ ಫಂಗಸ್), ಕ್ಯಾಂಡಿಡಾ, ಇತರೆ, ನಿರ್ಧರಿಸಲಾಗದು ಎಂಬ ಆಯ್ಕೆಗಳಿರಲಿ, ಚಾರ್ಟ್‌ನಲ್ಲಿರುವ ಲಕ್ಷಣಗಳನ್ನು ಹಾಗೇ ಎತ್ತಿ ತೋರಿಸಿ.

‘ಕೆಒಎಚ್ ಪಾಸಿಟಿವ್’ ಎಂಬ ಎರಡು ಪದದಿಂದ ಏನೂ ತಿಳಿಯುವುದಿಲ್ಲ. ಕವಲೊಡೆದ ಸೆಪ್ಟೇಟ್ ಹೈಫೆ (ಅಡ್ಡಗೋಡೆಯಿರುವ ಫಂಗಸ್ ಎಳೆ) ಕಂಡಿತೇ, ಮೊಗ್ಗೊಡೆಯುವ ಯೀಸ್ಟ್ ಜೊತೆ ಸೂಡೊಹೈಫೆ (ಎಳೆಯಂತೆ ಸಾಲುಗಟ್ಟಿದ ಯೀಸ್ಟ್) ಕಂಡಿತೇ? ಮೊದಲನೆಯದು ಡರ್ಮಟೊಫೈಟ್‌ನತ್ತ, ಎರಡನೆಯದು ಕ್ಯಾಂಡಿಡಾದತ್ತ. ಗಿಡ್ಡ ಹೈಫೆ ಮತ್ತು ದುಂಡನೆ ಯೀಸ್ಟ್ ಗೊಂಚಲು ಕಂಡರೆ ಮಲಸೀಜಿಯಾ, ಅಂದರೆ ಚಿಬ್ಬು. ಹೆಸರು ಟೀನಿಯಾ ವರ್ಸಿಕಲರ್ ಆದರೂ ಕೋಡ್ ಬಿ36.0. ವೈದ್ಯರು ಬರೆಯಬೇಕಾದದ್ದು ಒಂದೆರಡು ಸಾಲು: ಕೆರೆದು ತೆಗೆದ ಜಾಗ, ಕಂಡದ್ದು, ನೋಡಿದವರು, ದಿನಾಂಕ, ಅದರಿಂದ ಬಂದ ರೋಗನಿರ್ಣಯ. ಕೆರೆಯುವುದು ಹೊಟ್ಟೇಳುತ್ತಿರುವ ಅಂಚಿನಿಂದ. ರೋಗಿ ಆಗಲೇ ಮುಲಾಮು ಹಚ್ಚುತ್ತಿದ್ದರೆ ಅದನ್ನೂ ಬರೆಯಿರಿ, ಏಕೆಂದರೆ ಆಗ ನೆಗೆಟಿವ್ ಬಂದರೂ ನಂಬುವಂತಿಲ್ಲ.

ಮದ್ದು ನೋಡಿ ಕಾಯಿಲೆ ಊಹಿಸುವುದೂ ಬೇಡ. ಕ್ಲೋಟ್ರಿಮಜೋಲ್ ಎರಡಕ್ಕೂ ಕೊಡುತ್ತಾರೆ.

ಚಾರ್ಟ್‌ಓದುಗ:
ಧನ್ಯವಾದ ಮೇಡಂ, ಕ್ವೆರಿ ಕಳಿಸುತ್ತೇನೆ. ಎರಡೂ ಪಾದಕ್ಕೆ ಟೀನಿಯಾ ಇದ್ದರೆ ಬಿ35.3 ಎರಡು ಸಲವೇ? 87220 ವಿಷಯ?

ಬಿಲ್ಲಿಂಗ್‌ಕಣ್ಣು:
ಒಂದೇ ಸಲ. ಬಿ35ರಲ್ಲಿ ಎಡ-ಬಲ ಇಲ್ಲ, ಒಂದು ಭೇಟಿಗೆ ಒಂದು ಕೋಡ್ ಒಮ್ಮೆ ಮಾತ್ರ. ಜಾಗ ಬೇರೆಯಾದರೆ ಎಲ್ಲವನ್ನೂ ಹಾಕಿ: ಮೈಗೂ ತೊಡೆಸಂದಿಗೂ ಟೀನಿಯಾ ಎಂದು ದಾಖಲಾಗಿದ್ದರೆ ಬಿ35.4, ಬಿ35.6 ಎರಡೂ.

87220 ಬಿದ್ದುಹೋದದ್ದು ಸರ್ಟಿಫಿಕೇಟ್‌ನಿಂದ. ಪಿಪಿಎಂ ಪಟ್ಟಿಯಲ್ಲಿ ಆ ಕೋಡ್ ಇಲ್ಲ. ಅಲ್ಲಿ ಕೆಒಎಚ್‌ಗೆ ಇರುವುದು ಕ್ಯೂ0112. ಮೆಡಿಕೇರ್‌ಗೆ ಅದನ್ನೇ ಕಳಿಸಿ. ವೈದ್ಯರು ಅಥವಾ ಅರ್ಹ ಪ್ರಾಕ್ಟೀಷನರ್ ತಾವೇ ಸ್ಲೈಡ್ ನೋಡಿರಬೇಕು. ಸಹಾಯಕರು ನೋಡಿದ್ದರೆ ಪಿಪಿಎಂ ಅಡಿ ಅದು ನಡೆಯದು.

ಮುಂದೆ ಉಗುರು ಡಿಬ್ರೈಡ್ ಮಾಡಿದರೆ (ಕೆಟ್ಟ ಭಾಗ ಕತ್ತರಿಸಿ ತೆಳುಗೊಳಿಸಿದರೆ) 1ರಿಂದ 5 ಉಗುರಿಗೆ 11720, 6 ಅಥವಾ ಹೆಚ್ಚಿಗೆ 11721. ಒಂದಾದರೆ ಇನ್ನೊಂದಿಲ್ಲ, ಉಗುರಿನ ಲೆಕ್ಕಕ್ಕೆ ಯೂನಿಟ್ ಗುಣಿಸುವುದೂ ಇಲ್ಲ. ‘ಎಲ್ಲ ಉಗುರು ಸರಿಪಡಿಸಿದೆ’ ಎಂದು ಬರೆದರೆ ಆಡಿಟ್‌ನಲ್ಲಿ ನಿಲ್ಲದು. ಯಾವ ಕಾಲಿನ ಯಾವ ಬೆರಳು, ಎಷ್ಟು ದಪ್ಪ, ಯಾವ ಉಪಕರಣ, ನೋವಿದೆಯೇ ಎಂಬುದು ಇರಲಿ. ನೋವು ದಾಖಲಾಗಿದ್ದರೆ ಬಲಗಾಲಿನ ಬೆರಳಿಗೆ ಎಂ79.674, ಎಡಕ್ಕೆ ಎಂ79.675, ಇಲ್ಲಿ ಎಡ-ಬಲ ಬೇಕೇ ಬೇಕು.

ಚರ್ಮವೈದ್ಯೆ:
ಒಂದು ಸೇರಿಸುತ್ತೇನೆ. ಟರ್ಬಿನಫಿನ್ ಎಂಬ ಫಂಗಸ್ ಮದ್ದಿಗೆ ಬಗ್ಗದ ಟೀನಿಯಾ ಈಗ ಹೆಚ್ಚು ಕಾಣುತ್ತಿದೆ. ‘ಗುಣವಾಗಿಲ್ಲ’ ಎಂದಷ್ಟೇ ಇದ್ದರೆ ರೆಸಿಸ್ಟೆನ್ಸ್ (ಪ್ರತಿರೋಧ) ಕೋಡ್ ಹಾಕುವಂತಿಲ್ಲ, ಮದ್ದನ್ನು ಸರಿಯಾಗಿ ತೆಗೆದುಕೊಳ್ಳದೆಯೂ ಹಾಗಾಗಬಹುದು. ಔಷಧಕ್ಕೆ ಪ್ರತಿರೋಧ ಇದೆ ಎಂದು ವೈದ್ಯರೇ ಬರೆದಿದ್ದರೆ ಮಾತ್ರ ಟೀನಿಯಾ ಕೋಡ್‌ನ ಹಿಂದೆ ಝಡ್16.32.