ಲಿಮಾದಿಂದ ಕುಸ್ಕೊ: ಫ್ಲೈಟಾ ಬಸ್ಸಾ? ಹೋಗಿ ಬಂದೋರು ಹೇಳ್ರಪ್ಪ

ಜಯನಗರದವ: ಮೇ ತಿಂಗಳಲ್ಲಿ ಅಪ್ಪ ಅಮ್ಮನ್ನ ಪೆರು ದೇಶದ ಮಾಚು ಪಿಚುಗೆ ಕರ್ಕೊಂಡ್ ಹೋಗ್ತಿದೀನಿ. ಲಿಮಾ ಕುಸ್ಕೊ ಫ್ಲೈಟ್ 1 ಗಂಟೆ 20 ನಿಮಿಷ, ಬಸ್ 22 ಗಂಟೆ ಅಂತಾರೆ. ಅಪ್ಪಂಗೆ 66, ಮಂಡಿ ನೋವು. ಯಾವ್ದು ಬುಕ್ ಮಾಡ್ಲಿ?

ಘಾಟಿ ಸವಾರ: ಬಸ್ಸೇ ಗುರು. 580 ಕಿಲೋಮೀಟರ್ ಅಂತ ತೋರ್ಸತ್ತಲ್ಲ ಅದು ಮೇಲೆ ಹಾರೋ ಲೆಕ್ಕ, ರಸ್ತೆ 1100 ಬರತ್ತೆ. ನಾಸ್ಕಾ ತನಕ ಮರಳುಗಾಡು, ಆರಾಮು, ಅಲ್ಲಿಂದ ಹತ್ತೋಕೆ ಶುರುವಾದ್ರೆ ನಮ್ ಚಾರ್ಮಾಡಿ ಮಕ್ಕಳಾಟ. ಟಿಕೆಟ್‌ಗೆ 170 ಸೋಲ್ (ಪೆರು ದುಡ್ಡು) ಕೊಟ್ಟಿದ್ವಿ. ಚಾಲ್ವಾಂಕಾ ಅನ್ನೋ ಊರು ದಾಟಿ ಗುಡ್ಡ ಜರಿದು ಏಳು ಗಂಟೆ ನಿಂತ್ವಿ, ಬಸ್ಸಿನ ಟಾಯ್ಲೆಟ್‌ಗೆ ಬೀಗ, ಡಬ್ಬೀಲಿದ್ದ ಕೊನೇ ಎರಡು ಚಪಾತಿ ಒಣಗಿ ಹಪ್ಪಳ ಆಗಿತ್ತು, ನನ್ ಹೆಂಡ್ತಿ ಅದನ್ನೇ ಮುರಿದು ಚಟ್ನಿಪುಡಿ ಹಚ್ಚಿ ಪಕ್ಕದ ಅಜ್ಜಿಗೂ ಕೊಟ್ಲು, ಅಜ್ಜಿ ಕೆಮ್ಮಿದ್ದೇ ಕೆಮ್ಮಿದ್ದು. ಒಟ್ಟು 29 ಗಂಟೆ. ಆದ್ರೆ ಎತ್ತರದಲ್ಲಿ ಗಾಳಿ ತೆಳುವಾಗಿ ಬರೋ ತಲೆನೋವು ಬರ್ಲಿಲ್ಲ, ನಿಧಾನಕ್ಕೆ ಏರಿದ್ವಲ್ಲ.

ಧಾರವಾಡ ಫೇಡೆ: ನಿಧಾನಕ್ಕ ಏರ್ತದಂತ ಯಾರ್ ಹೇಳ್ಯಾರ್ರಿ ನಿಮಗ? ಪುಕಿಯೊ ಅನ್ನೋ ಊರು ದಾಟಿದ ಮ್ಯಾಲ ಆ ರಸ್ತಿ 4000 ಮೀಟರ್ ಮ್ಯಾಲ ಹೋಗ್ತದ, ಕುಸ್ಕೊನೇ 3400, ನಡುವ ಅಬಾಂಕೈಗೆ 2400ಕ್ಕ ಇಳಿದು ಮತ್ತ ಏರ್ತದ. ನಾವು ಫ್ಲೈಟ್‌ನ್ಯಾಗ ಹೋದ್ವಿ. ಟಿಕೆಟ್ 62 ಡಾಲರ್, ಬ್ಯಾಗಿಗೆ 34, ಕೌಂಟರ್‌ನ್ಯಾಗ ಮತ್ತ 48 ಕೇಳಿದ್ರು, ನಿಮ್ಮ ಟಿಕೆಟ್ ಇಲ್ಲಿನ ಊರವರ ರೇಟಿಂದು ಅಂತ! ರಾತ್ರಿ ಎರಡೂವರಿಗೆ ಎದ್ದು ಹೋಗಿ ಕುಂತ್ರ, ಕುಸ್ಕೊ ಮ್ಯಾಲ ಮೋಡ, ಎರಡು ಸುತ್ತು ಹೊಡದು ಸೀದಾ ವಾಪಸ್ ಲಿಮಾ. ಸುತ್ತ ಗುಡ್ಡ ಅದಾವ, ಮಧ್ಯಾಹ್ನ ಗಾಳಿ ಭಾಳ, ಮರುದಿನ ಮುಂಜಾನಿ ಬರ್ರಿ ಅಂದ್ರು. ಮುಟ್ಟಿದ್ದು 31 ತಾಸಿಗೆ.

ಘಾಟಿ ಸವಾರ: ಹಹಹ ಮೇಡಂ, ನನ್ ಬಸ್ಸೇ ಎರಡು ಗಂಟೆ ಮುಂಚೆ ಹೋಯ್ತಲ್ಲ!

ಧಾರವಾಡ ಫೇಡೆ: ನಾನು ಮೇಡಂ ಅಲ್ಲ. ಮತ್ತ ನಾ ಆ ರಾತ್ರಿ ಹಾಸಿಗಿ ಮ್ಯಾಲ ಮಲಗೇನಿ, ನೀವು ಗುಡ್ಡದ ಕೆಳಗ ಕುಂತಿದ್ರಿ.

ಸಿಯಾಟಲ್ ಶ್ಯಾವಿಗೆ: ಇಬ್ರೂ ಮೇನ್ ವಿಷ್ಯ ಬಿಟ್ರಿ. ಹೋದ ದಿನ ಕುಸ್ಕೊದಲ್ಲಿ ಮಲಗ್ಲೇಬಾರ್ದು, ಟ್ಯಾಕ್ಸಿ ಹಿಡ್ದು ಕಣಿವೆಯ ಊರು ಉರುಬಾಂಬಾಗೆ ಇಳೀಬೇಕು, ಅಲ್ಲಿ ಎತ್ತರ 2900 ಮೀಟರಿಗಿಂತ ಕಮ್ಮಿ. ನಮ್ಮ ಮುಳ್ಳಯ್ಯನಗಿರಿ ತುದಿನೇ 1900 ಚಿಲ್ಲರೆ, ಯೋಚ್ನೆ ಮಾಡಿ. ನಾನು ಹೀರೋ ಥರ ಕುಸ್ಕೊದಲ್ಲೇ ಉಳ್ದೆ, ಹೋಟೆಲ್ ಮೆಟ್ಲು ಹದಿನಾಲ್ಕು, ಎಂಟನೇದ್ರಲ್ಲಿ ಕೂತ್ಬಿಟ್ಟೆ. ಡಾಕ್ಟರ್ ರೂಮಿಗೆ ಬಂದು ಆಕ್ಸಿಜನ್ ಹಾಕಿ 180 ಡಾಲರ್ ತಗೊಂಡ್ರು, ಇನ್ಶೂರೆನ್ಸ್‌ನೋರು ರಸೀದಿ ಸ್ಪ್ಯಾನಿಷಲ್ಲಿದೆ ಅಂತ ನಾಲ್ಕು ತಿಂಗಳು ಆಟ ಆಡ್ಸಿದ್ರು.

ಮಂಡ್ಯ ಬೆಲ್ಲ: ಕೋಕಾ ಎಲೆ ಟೀ ಕುಡುದ್ರೆ ಎಲ್ಲಾ ಸರಿಯಾಯ್ತದೆ ಅಂತಾರೆ ಕಣ್ರಣ್ಣ, ಅಲ್ಲಿ ಹೋಟೆಲಲ್ಲೇ ಬಿಟ್ಟಿ ಇಡ್ತಾರೆ. ನಾನು ಎರಡು ಪ್ಯಾಕೆಟ್ ಕಟ್ಕೊ ಬಂದೆ.

ಸಿಯಾಟಲ್ ಶ್ಯಾವಿಗೆ: ಅಣ್ಣಾ ಹಂಗೆಲ್ಲ ಬರೀಬೇಡಿ! ಕೋಕೇನ್ ತೆಗೆಯೋ ಎಲೆ ಅದು, ಅಮೆರಿಕಕ್ಕೆ ಅದನ್ನ ತರೋದು ಕಾನೂನು ಪ್ರಕಾರ ಅಪರಾಧ. ನನ್ ಸೂಟ್‌ಕೇಸ್ ಬಿಚ್ಚಿ ಇಪ್ಪತ್ತೈದು ಟೀ ಬ್ಯಾಗ್ ಒಂದೊಂದಾಗಿ ಎಣಿಸಿದ್ರು, ಮುಂದಿನ ಫ್ಲೈಟ್ ಬಿಟ್ಟೋಯ್ತು.

ಮಂಡ್ಯ ಬೆಲ್ಲ: ಗೊತ್ತಿದ್ದೂ ತಂದಿದ್ದು ನೀವು, ಈಗ ನಂಗೆ ಬುದ್ಧಿ ಹೇಳೋಕೆ ಬಂದ್ರಾ?

ಧಾರವಾಡ ಫೇಡೆ: ಅದಿರ್ಲಿ, ಆ 48 ಡಾಲರ್ ಯಾರಿಗಾದ್ರೂ ವಾಪಸ್ ಬಂದದೇನ್ರಿ?