ಎಂಜಿಬಿ ಬ್ರೇಕ್ ಮಾಸ್ಟರ್ ಸಿಲಿಂಡರ್ ಕಿಟ್ ಕೂರುತ್ತಿಲ್ಲ. ಕಾರು ಸಿಡ್ನಿಯದೋ, ಅಮೆರಿಕದ್ದೋ?

ಮೆಲ್ಬರ್ನ್_ಗಾಡಿ

ಎಲ್ಲರಿಗೂ ನಮಸ್ಕಾರ. ನಾನು ಮೆಲ್ಬರ್ನ್‌ನಲ್ಲಿ ಇದ್ದೇನೆ. ಎಂಟು ತಿಂಗಳ ಹಿಂದೆ ಒಂದು 1969ರ ಎಂಜಿಬಿ (ಎಂಜಿ ಕಂಪನಿಯ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು) ತಗೊಂಡೆ. ಓಪನ್ ಟಾಪ್, ಬಲಗಡೆ ಸ್ಟೇರಿಂಗ್, ಕಡು ಹಸಿರು ಬಣ್ಣ. ಮಾರಿದವರು ಹೇಳಿದ್ದು: ಇದು ಇಂಗ್ಲೆಂಡಿನಿಂದ ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿ ಬಂದು ಸಿಡ್ನಿಯಲ್ಲಿ ಜೋಡಿಸಿದ ಕಾರು, ಮೊದಲಿನಿಂದಲೂ ಇಲ್ಲೇ ಓಡಿದೆ ಅಂತ. ನಂಬಿದೆ.

ಈಗ ತೊಂದರೆ. ಬ್ರೇಕ್ ಒತ್ತಿ ಹಿಡಿದರೆ ಪೆಡಲ್ ಮೆಲ್ಲಗೆ ಕೆಳಗೆ ಇಳಿಯುತ್ತಾ ಹೋಗುತ್ತದೆ. ಎಲ್ಲೂ ಎಣ್ಣೆ ಸೋರಿಲ್ಲ, ಚಕ್ರಗಳ ಹತ್ತಿರವೂ ಒಣಗಿದೆ. ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ಸವೆದಿರಬೇಕು ಅಂದುಕೊಂಡು, ಬಲಗೈ ಸ್ಟೇರಿಂಗ್ ಕಾರಿನ ರಬ್ಬರ್ ಕಿಟ್ ತರಿಸಿದೆ. ಪೆಡಲ್ ಬಾಕ್ಸ್ ಮುಚ್ಚಳ ತೆಗೆದು ನೋಡಿದರೆ ಒಳಗಿರುವ ಸಿಲಿಂಡರ್ ಬೇರೆಯೇ. ಉದ್ದ ಇದೆ, ಎರಡು ಪೈಪ್ ಹೊರಡುತ್ತವೆ. ಕಿಟ್‌ನಲ್ಲಿರುವುದು ಒಂದೇ ಪೈಪ್‌ನದ್ದಕ್ಕೆ. ಒಳ ಮಡ್‌ಗಾರ್ಡ್ ಹತ್ತಿರ ಹಿತ್ತಾಳೆಯ ಒಂದು ಸಣ್ಣ ತುಂಡು ಇದೆ, ಅದಕ್ಕೆ ಬ್ರೇಕ್ ಪೈಪ್‌ಗಳು ಬಂದು ಸೇರುತ್ತವೆ. ಅದರಿಂದ ಒಂದು ವೈರ್ ಹೊರಟು ಎಲ್ಲಿಗೂ ಸೇರದೆ ಜೋತಾಡುತ್ತಿದೆ.

ಇನ್ನೂ ಎರಡು ವಿಷಯ. ಮುಂದೆ ಬಂಪರ್ ಕೆಳಗೆ ಎರಡು ಕೊಕ್ಕೆ ಇವೆ. ವೈಪರ್ ಬಿಚ್ಚಿದಾಗ ಗಾಜಿನ ಕೆಳಗೆ ಬಣ್ಣದ ಅಡಿಯಲ್ಲಿ ದುಂಡಗೆ ಬೆಸುಗೆಯ ಗುರುತು ಕಾಣಿಸಿತು. ಇದೆಲ್ಲ ಏನು?

ಗ್ರೀಸ್_ಕೈ

ಮೊದಲು ಒಂದು ಮಾತು. ಕಾರು ಓಡಿಸಬೇಡಿ. ಪೆಡಲ್ ಇಳಿಯುತ್ತಿದೆ, ಹೊರಗೆ ಸೋರಿಕೆ ಇಲ್ಲ ಅಂದರೆ ನಿಮ್ಮ ಊಹೆ ಸರಿ. ಎಣ್ಣೆ ಒಳಗೇ ರಬ್ಬರ್ ದಾಟಿ ಹಿಂದಕ್ಕೆ ಬರುತ್ತಿದೆ.

ಎರಡನೇದು, ನಿಮ್ಮ ಕಾರಿನ ಕಥೆ ಮಾರಿದವರು ಹೇಳಿದ್ದಲ್ಲ ಅನಿಸುತ್ತದೆ. ನನ್ನದು ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇರುವ 1969ರ ಕಾರು. ಎರಡು ಪೈಪ್‌ನ ಸಿಲಿಂಡರ್, ಆ ಹಿತ್ತಾಳೆ ತುಂಡು, ಅದರ ವೈರ್, ಮೂರೂ ನನ್ನದರಲ್ಲಿವೆ. 1968ರ ಜನವರಿ 1ರಿಂದ ಅಮೆರಿಕದಲ್ಲಿ ಹೊಸ ಸುರಕ್ಷತಾ ನಿಯಮ ಬಂತು. ಬೇರೆ ಬೇರೆ ಎರಡು ಬ್ರೇಕ್ ಲೈನ್ ಇರಬೇಕು, ಎಂಜಿಬಿಯಲ್ಲಿ ಮುಂದಿನ ಚಕ್ರಗಳಿಗೊಂದು, ಹಿಂದಿನದಕ್ಕೊಂದು. ಒಂದು ಕೈಕೊಟ್ಟರೆ ಡ್ಯಾಶ್ ಮೇಲೆ ದೀಪ ಹತ್ತಬೇಕು. ಆ ವೈರ್ ಹೋಗಬೇಕಾದ್ದು ಆ ದೀಪಕ್ಕೆ. ಅದೇ ಹೊತ್ತಿನಲ್ಲಿ ಇಂಗ್ಲೆಂಡಿನಲ್ಲಿ ಮಾರುತ್ತಿದ್ದ ಎಂಜಿಬಿಗೆ ಒಂದೇ ಲೈನ್ ಇತ್ತು. ನೀವು ತರಿಸಿದ ಕಿಟ್ ಅದಕ್ಕೆ.

ಬಾನೆಟ್ ಅಡಿಯಲ್ಲಿ ಇರುವ ಪ್ಲೇಟ್‌ನಲ್ಲಿ ಏನು ಬರೆದಿದೆ? ಅಕ್ಷರಗಳನ್ನು ಮಾತ್ರ ಹಾಕಿ, ಪೂರ್ತಿ ನಂಬರ್ ಬೇಡ. ಆಮೇಲೆ ಆ ಬೆಸುಗೆ ಗುರುತು ಎರಡು ವೈಪರ್ ಮಧ್ಯೆ ಇದೆಯಾ?

ಮೆಲ್ಬರ್ನ್_ಗಾಡಿ

ಥ್ಯಾಂಕ್ಸ್ ಸರ್. ಗಾಡಿ ಶೆಡ್‌ನಲ್ಲೇ ಇದೆ, ಹೊರಗೆ ತೆಗೆದಿಲ್ಲ.

ಪ್ಲೇಟ್‌ನಲ್ಲಿ 'ಜಿಎಚ್‌ಎನ್4' ಅಂತ ಇದೆ. ಅದರ ಮುಂದಿನ ಅಕ್ಷರ ಸವೆದಿದೆ. ಅದು 'ವೈ', ಆಸ್ಟ್ರೇಲಿಯಾದ ಕಾರಿಗೆ ವೈ ಹಾಕುತ್ತಿದ್ದರು ಅಂತ ಮಾರಿದವರು ಬೆರಳಿಟ್ಟು ತೋರಿಸಿದ್ದರು. ನನಗೆ ಈಗ ಅದು 'ಯು' ಥರ ಕಾಣುತ್ತಿದೆ.

ಹೌದು, ಗುರುತು ಸರಿಯಾಗಿ ಎರಡು ವೈಪರ್ ಮಧ್ಯೆ ಇದೆ.

ಆಕ್ಸ್‌ಫರ್ಡ್_ಕನ್ನಡಿಗ

ಅಲ್ಲಿಗೆ ಮುಗೀತು. ವೈ ಇರುವುದು ಹಿಂದೆ ಅಲ್ಲ, ಮೊದಲಲ್ಲಿ. ಸಿಡ್ನಿಯಲ್ಲಿ ಜೋಡಿಸಿದ ಕಾರಿನ ನಂಬರ್ 'ವೈಜಿಎಚ್‌ಎನ್' ಅಂತ ಶುರುವಾಗುತ್ತದೆ. ನಿಮ್ಮದು ಜಿ ಅಂದರೆ ಎಂಜಿ, ಎಚ್ ಅಂದರೆ 1400ರಿಂದ 1999 ಸಿಸಿ ಒಳಗಿನ ಇಂಜಿನ್, ಎನ್ ಅಂದರೆ ಎರಡು ಸೀಟಿನ ತೆರೆದ ಕಾರು, 4 ಅಂದರೆ ಮಾದರಿಯ ಸರಣಿ. ಕೊನೆಯ ಯು ಅಂದರೆ ಯುಎಸ್‌ಎ. ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿದ್ದ ಎಂಜಿ ಕಾರ್ಖಾನೆಯಲ್ಲಿ ಪೂರ್ತಿ ಕಟ್ಟಿ, ಎಡಗಡೆ ಸ್ಟೇರಿಂಗ್ ಇಟ್ಟು ಅಮೆರಿಕಕ್ಕೆ ಕಳಿಸಿದ ಕಾರು ನಿಮ್ಮದು. ಬಲಕ್ಕೆ ಬಂದದ್ದು ಆಮೇಲೆ.

ಬೇಜಾರು ಮಾಡ್ಕೋಬೇಡಿ. ತಯಾರಾದ ಎಂಜಿಬಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗಿದ್ದೇ ಅಮೆರಿಕಕ್ಕೆ. ಯುದ್ಧ ಮುಗಿದ ಮೇಲೆ ಬ್ರಿಟನ್ ಹತ್ತಿರ ಡಾಲರ್ ಇರಲಿಲ್ಲ. ಎಷ್ಟು ರಫ್ತು ಮಾಡುತ್ತೀರೋ ಅದನ್ನು ನೋಡಿ ಕಾರ್ಖಾನೆಗೆ ಉಕ್ಕು ಕೊಡುತ್ತಿದ್ದರು. ಎಂಜಿಬಿಗಿಂತ ಹಿಂದಿನ ಮಾದರಿಗಳಾದ ಎಂಜಿ ಟಿಸಿ, ಟಿಡಿ ಬೆಳೆದದ್ದು ಹಾಗೆ. ಟಿಸಿಗೆ ಎಡಗೈ ಸ್ಟೇರಿಂಗ್ ಇರಲೇ ಇಲ್ಲ. ಆದರೂ ಸುಮಾರು 2000 ಟಿಸಿ ಅಮೆರಿಕಕ್ಕೆ ಹೋದವು, ಜನ ಬಲಗಡೆ ಕೂತೇ ಓಡಿಸಿದರು! 1950ರಲ್ಲಿ ಟಿಡಿ ಬಂದ ಮೇಲೆ ಎಡಗೈ ಸ್ಟೇರಿಂಗ್ ಸಿಕ್ಕಿತು. ಕಟ್ಟಿದ 29,664 ಟಿಡಿಗಳಲ್ಲಿ ಬಹುಪಾಲು ಅಟ್ಲಾಂಟಿಕ್ ದಾಟಿದವು.

ನಾನು ಇರುವುದು ಅಬಿಂಗ್ಡನ್‌ಗೆ ಹತ್ತಿರ. ಊರಿಗೆ ಒಂದು ಸಣ್ಣ ರೈಲು ಕವಲು ಇತ್ತು. 1963ರಲ್ಲಿ ಪ್ರಯಾಣಿಕರ ರೈಲು ನಿಂತಿತು. ಆಮೇಲೂ ಗೂಡ್ಸ್ ಗಾಡಿ ಬರುತ್ತಿತ್ತು, ಅದಕ್ಕೆ ದೊಡ್ಡ ಕಾರಣ ಎಂಜಿ ಕಾರುಗಳೇ. 1980ರ ಅಕ್ಟೋಬರ್‌ನಲ್ಲಿ ಕಾರ್ಖಾನೆ ಮುಚ್ಚಿತು, ನಾಲ್ಕು ವರ್ಷಕ್ಕೆ ಹಳಿಯೂ ಹೋಯಿತು.

ಆ ಕೊಕ್ಕೆಗಳ ವಿಷಯಕ್ಕೆ ಬರುತ್ತೇನೆ. ಅವು ಗಾಡಿ ಎಳೆಯಲಿಕ್ಕೆ ಇರುವುದಲ್ಲ. ಹಡಗಿನಲ್ಲಿ ಕಾರನ್ನು ಬಿಗಿದು ಕಟ್ಟಲಿಕ್ಕೆ ಕೊಟ್ಟದ್ದು. ಅಲೆ ಏರಿಳಿಯುವಾಗ ಕಾರು ಅಲ್ಲಾಡಿ ಪಕ್ಕದ್ದಕ್ಕೆ ಬಡಿಯಬಾರದು ನೋಡಿ. ಹಳೇ ಕಾಲದಲ್ಲಿ ಚಕ್ರಗಳ ಅಡಿಗೆ ಬಲೆ ಹಾಕಿ, ಕ್ರೇನ್‌ನಲ್ಲಿ ಎತ್ತಿ ಹಡಗಿನ ಹೊಟ್ಟೆಗೆ ಇಳಿಸುತ್ತಿದ್ದರು. ಆಮೇಲೆ ಕಾರನ್ನು ಓಡಿಸಿಕೊಂಡೇ ಒಳಗೆ ನಿಲ್ಲಿಸುವ ಹಡಗು ಬಂದವು. ಉಪ್ಪುಗಾಳಿಗೆ ತುಕ್ಕು ಹಿಡಿಯದಂತೆ ಮೈಗೆ ಮೇಣ ಬಳಿಯುತ್ತಿದ್ದರು. ಆ ಕಡೆ ಇಳಿದ ಮೇಲೆ ಅದನ್ನು ತೊಳೆದು ತೆಗೆಯುವುದೇ ಡೀಲರ್ ಕಡೆಯ ಹುಡುಗರಿಗೆ ದೊಡ್ಡ ಕೆಲಸ. ವೈಪರ್ ಕಡ್ಡಿ, ಚಕ್ರದ ಮುಚ್ಚಳ ಇಂಥವನ್ನು ಬಿಚ್ಚಿ ಡಿಕ್ಕಿಯಲ್ಲಿ ಇಟ್ಟು ಕಳಿಸುವುದೂ ಇತ್ತು. ಬಂದರಿನಲ್ಲಿ ಕಳ್ಳತನ ಎಲ್ಲ ದೇಶದಲ್ಲೂ ಒಂದೇ, ಅಲ್ವಾ?

ಕೊಕ್ಕೆ ಒಂದನ್ನೇ ಸಾಕ್ಷಿ ಅಂತ ಹಿಡಿಯಬೇಡಿ. ಬೋಲ್ಟ್ ಬಿಚ್ಚಿದರೆ ಅದು ಯಾವ ಕಾರಿಗೂ ಹೋಗಬಹುದು. ಪ್ಲೇಟ್, ಬ್ರೇಕ್, ಬೆಸುಗೆ ಸೇರಿದರೆ ಮಾತ್ರ ಲೆಕ್ಕ.

ಮೈಸೂರು_ಅಂಬಾಸಿಡರ್

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮೆ ಇರಲಿ. ನಮ್ಮ ತಂದೆಯವರ ಅಂಬಾಸಿಡರ್ ಇನ್ನೂ ಇಟ್ಟುಕೊಂಡಿದ್ದೇನೆ. ಅದರ 1489 ಸಿಸಿ ಇಂಜಿನ್ ಇದೇ ಮನೆತನದ್ದು, ಬಿ ಸೀರೀಸ್. ಎಂಜಿಬಿಗಿಂತ ಮುಂಚಿನ ಎಂಜಿಎ ಶುರುವಾದಾಗ 1489, ಎಂಜಿಬಿಯಲ್ಲಿ 1798. ಅದಕ್ಕೇ ಎಂಜಿಬಿಯ ವಿಡಿಯೋ ನೋಡಿದರೆ ಟ್ಯಾಪೆಟ್ ಸದ್ದು ನಮ್ಮ ಮನೆ ಸದ್ದಿನ ಹಾಗೇ ಕೇಳುತ್ತದೆ.

ನನ್ನ ಪ್ರಶ್ನೆ ಇಷ್ಟೇ. ಅಮೆರಿಕಕ್ಕೆ ಪೂರ್ತಿ ಕಾರು, ಆಸ್ಟ್ರೇಲಿಯಾಕ್ಕೆ ಬಿಡಿಭಾಗ. ಯಾಕೆ ಹೀಗೆ?

ಆಕ್ಸ್‌ಫರ್ಡ್_ಕನ್ನಡಿಗ

ಒಳ್ಳೆ ಪ್ರಶ್ನೆ. ಸುಂಕ, ಮತ್ತೆ ಕೆಲಸ. ಪೂರ್ತಿ ಕಾರು ತಂದರೆ ಆಸ್ಟ್ರೇಲಿಯಾದಲ್ಲಿ ತೆರಿಗೆ ಭಾರ. ಭಾಗಗಳನ್ನು ತಂದು ಅಲ್ಲೇ ಜೋಡಿಸಿ, ಬಣ್ಣ ಹಚ್ಚಿ, ಸ್ಥಳೀಯ ಸಾಮಾನು ಸೇರಿಸಿದರೆ ಕಡಿಮೆ. ಅಲ್ಲಿನ ಜನಕ್ಕೂ ಕೆಲಸ ಸಿಗುತ್ತದೆ. 1963ರಿಂದ 1972ರವರೆಗೆ ಸಿಡ್ನಿಯಲ್ಲಿ ಸುಮಾರು 9000 ಎಂಜಿಬಿ ಜೋಡಿಸಿದರು. ಆಮೇಲೆ ಸರ್ಕಾರ ಕಾರಿನ ನೂರಕ್ಕೆ 85 ಭಾಗ ಸ್ಥಳೀಯವಾಗಿರಬೇಕು ಅಂದಿತು. ಅಷ್ಟು ಸಣ್ಣ ಸಂಖ್ಯೆಗೆ ಅದು ಆಗದ ಮಾತು, ನಿಂತುಹೋಯಿತು. ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಶುರುವಾದದ್ದೂ ಇಂಥ ದಾರಿಯಲ್ಲೇ. ಬ್ರಿಟನ್ನಿನ ಟ್ರಯಂಫ್ ಹೆರಾಲ್ಡ್ ಕಾರಿನ ಭಾಗಗಳು ಬಂದವು, ಬರುಬರುತ್ತಾ ಭಾರತದ ಭಾಗಗಳು ಜಾಸ್ತಿಯಾದವು.

ಅಮೆರಿಕದ ಮಾರುಕಟ್ಟೆ ದೊಡ್ಡದು, ಮಾರಾಟವೂ ಜೋರು. ಪೂರ್ತಿ ಕಾರು ಕಳಿಸಿದರೂ ಗಿಟ್ಟುತ್ತಿತ್ತು. ಅಬಿಂಗ್ಡನ್ ಕೂಡ ಜೋಡಣೆಯ ಕಾರ್ಖಾನೆಯೇ ಅನ್ನಿ. ಎಂಜಿಬಿ ಬಾಡಿ ಒತ್ತುತ್ತಿದ್ದದ್ದು ಸ್ವಿಂಡನ್‌ನಲ್ಲಿ.

ಗ್ರೀಸ್_ಕೈ

ಮತ್ತೆ ಬ್ರೇಕ್ ಕಡೆ ಬರೋಣ ಮಾರಾಯ್ರೆ, ಇಲ್ಲದಿದ್ದರೆ ಗಾಡಿ ಶೆಡ್‌ನಲ್ಲೇ ಇರುತ್ತದೆ.

ಆ ಮಧ್ಯದ ಬೆಸುಗೆ ಮೂರನೇ ವೈಪರ್‌ನ ತೂತು. ಗಾಜಿನ ಇಷ್ಟು ಭಾಗ ಒರೆಸಲೇಬೇಕು ಅಂತ ಅಮೆರಿಕದ ನಿಯಮ. ತೆರೆದ ಕಾರಿನ ಗಾಜು ಗಿಡ್ಡ, ಎರಡು ವೈಪರ್ ಸಾಲಲಿಲ್ಲ. 1969ರ ಮಾದರಿಯಿಂದ ಮೂರು ಸಣ್ಣ ವೈಪರ್ ಕೊಟ್ಟರು. ಮೇಲ್ಛಾವಣಿ ಇರುವ ಎಂಜಿಬಿ ಜಿಟಿಯ ಗಾಜು ಎತ್ತರ, ಅದರಲ್ಲಿ ಎರಡೇ ಉಳಿದವು. ಡ್ಯಾಶ್ ಕೂಡ ನಮ್ಮದರಲ್ಲಿ ದಪ್ಪ ದಿಂಬಿನ ಹಾಗೆ ಇರುತ್ತದೆ, ಅಬಿಂಗ್ಡನ್ ಪಿಲ್ಲೋ ಅಂತ ತಮಾಷೆಗೆ ಕರೆಯುತ್ತಾರೆ. ನಿಮ್ಮದರಲ್ಲಿ ತಗಡಿನ ಡ್ಯಾಶ್ ಇದ್ದರೆ ಅದು ಬೇರೆ ಕಾರಿನಿಂದ ಬಂದದ್ದು. ಬದಲಾಯಿಸಿದವರು ಹಳೇ ದಿಂಬಿನ ಜೊತೆ ಎಚ್ಚರಿಕೆ ದೀಪವನ್ನೂ ಎಸೆದಿರಬೇಕು. ಅದಕ್ಕೇ ನಿಮ್ಮ ವೈರ್ ಅನಾಥ.

ಕಿಟ್ ತರಿಸುವಾಗ ವರ್ಷ ಹೇಳಬೇಡಿ. ಅಮೆರಿಕದ ಎರಡು ಲೈನ್ ಕಾರು, ನಂಬರ್ ಇದು ಅಂತ ಹೇಳಿ. ಸಿಲಿಂಡರ್ ಒಳಗೆ ಬೆರಳಿಗೆ ತಾಗುವಂಥ ಗೀರು ಇದ್ದರೆ ರಬ್ಬರ್ ಹಾಕಿ ಪ್ರಯೋಜನವಿಲ್ಲ, ಪೂರ್ತಿ ಸಿಲಿಂಡರ್ ಬದಲಿಸಿ. ಡಾಟ್ 4 ಬ್ರೇಕ್ ಎಣ್ಣೆ ಹಾಕಿ. ಇಂಜಿನ್ ಆಯಿಲ್ ಮುಟ್ಟಿದ ಕೈಯಲ್ಲಿ ರಬ್ಬರ್ ಮುಟ್ಟಬೇಡಿ, ಉಬ್ಬಿಬಿಡುತ್ತದೆ. ಬ್ರೇಕ್ ಪೈಪ್‌ಗಳಿಂದ ಗಾಳಿ ತೆಗೆಯುವಾಗ ಹಿತ್ತಾಳೆ ತುಂಡಿನೊಳಗಿನ ಪಿಸ್ಟನ್ ಒಂದು ಕಡೆ ಸರಿದು ಕೂರಬಹುದು. ಆಗ ಎಲ್ಲ ಸರಿ ಇದ್ದರೂ ದೀಪ ಆರುವುದಿಲ್ಲ, ಗಾಬರಿಯಾಗಬೇಡಿ.

ಇದಕ್ಕಿಂತ ನನಗೆ ಚಿಂತೆ ಇನ್ನೊಂದು. ಎಂಜಿಬಿಯನ್ನು ಎಡದಿಂದ ಬಲಕ್ಕೆ ಬದಲಾಯಿಸುವುದು ಬೇರೆ ಕಾರಿಗಿಂತ ಸುಲಭ. ಪೆಡಲ್ ಬಾಕ್ಸ್‌ಗೆ ಎರಡೂ ಕಡೆ ಜಾಗ ಇದೆ, ಬೇಡದ ಕಡೆ ಒಂದು ತಗಡು ಮುಚ್ಚಿರುತ್ತಾರೆ. ಆದರೆ ಸ್ಟೇರಿಂಗ್ ರ‍್ಯಾಕ್ ಕೂರುವ ಮುಂದಿನ ಅಡ್ಡ ತೊಲೆ, ಅಂದರೆ ಕ್ರಾಸ್‌ಮೆಂಬರ್, ಎಡಕ್ಕೆ ಬೇರೆ, ಬಲಕ್ಕೆ ಬೇರೆ. ಸರಿಯಾಗಿ ಮಾಡುವವರು ಅದನ್ನೇ ಬದಲಿಸುತ್ತಾರೆ. ಸೋಮಾರಿಗಳು ಅದರ ಮೇಲಿನ ಹಿಡಿಗಳನ್ನು ಕತ್ತರಿಸಿ ಇನ್ನೊಂದು ಕಡೆ ಬೆಸೆಯುತ್ತಾರೆ. ಕಾರಿನ ಕೆಳಗೆ ಹೋಗಿ ಅದರ ಫೋಟೋ ತೆಗೆದು ಹಾಕಿ.

ಮೆಲ್ಬರ್ನ್_ಗಾಡಿ

ಏಳು ವಾರದ ನಂತರ ಬರುತ್ತಿದ್ದೇನೆ, ಸಾರಿ. ಗೇಡನ್‌ನ ಬ್ರಿಟಿಷ್ ಮೋಟಾರ್ ಮ್ಯೂಸಿಯಂನಿಂದ ಹೆರಿಟೇಜ್ ಸರ್ಟಿಫಿಕೇಟ್ (ಕಾರ್ಖಾನೆಯ ದಾಖಲೆಯ ಪ್ರಮಾಣಪತ್ರ) ತರಿಸಿದೆ. ಕಾರು ಕಟ್ಟಿದ್ದು 1969ರ ಜನವರಿ, ಹೋಗಿದ್ದು ಅಮೆರಿಕಕ್ಕೆ. ಬಣ್ಣ ಹಸಿರು ಅಲ್ಲ ಸ್ವಾಮಿ, ತಿಳಿ ಹಳದಿ! ಕಾರ್ಪೆಟ್ ಎತ್ತಿ ನೋಡಿದರೆ ಮೂಲೆಯಲ್ಲಿ ಅದೇ ಹಳದಿ ಇದೆ. ಇಂಜಿನ್ ನಂಬರ್ ಸರ್ಟಿಫಿಕೇಟಿಗೆ ಹೊಂದುತ್ತದೆ, ಅಷ್ಟಾದರೂ ಸಮಾಧಾನ.

ಮಾರಿದವರಿಗೆ ಫೋನ್ ಮಾಡಿದೆ. ಅವರಿಗೂ ಹಿಂದಿನವರು ಹಾಗೇ ಹೇಳಿದ್ದರಂತೆ.

ಸಿಲಿಂಡರ್ ಒಳಗೆ ಗೀರು ಇತ್ತು, ಹೊಸದು ಹಾಕಿದೆ. ನೀವು ಹೇಳಿದ ಹಾಗೇ ಆಯಿತು. ದೀಪಕ್ಕೆ ವೈರ್ ಜೋಡಿಸಿದ್ದೇ ತಡ, ಹತ್ತಿ ಕೂತಿತು. ಗಾಳಿ ತೆಗೆದ ಎರಡನೇ ದಿನ ಹಿಂದಿನ ಚಕ್ರದ ಗಾಳಿ ಬಿಡುವ ನಿಪ್ಪಲ್ ಸಡಿಲಿಸಿ ಮೆಲ್ಲಗೆ ಪೆಡಲ್ ಒತ್ತಿದಾಗ ಆರಿತು. ಪೆಡಲ್ ಈಗ ಕಲ್ಲಿನ ಹಾಗೆ ನಿಲ್ಲುತ್ತದೆ.

ಕೊಕ್ಕೆಗಳನ್ನು ಬಿಚ್ಚಿ ಉಜ್ಜಿ ಕಪ್ಪು ಬಣ್ಣ ಹಚ್ಚಿ ಮತ್ತೆ ಹಾಕಿದ್ದೇನೆ. ಎರಡು ಸಲ ಸಮುದ್ರ ದಾಟಿದ ಗಾಡಿ, ಇರಲಿ ಅಂತ. ಈಗ ಒಂದು ಆಸೆ. ಆ ಮೂರನೇ ವೈಪರ್ ತೂತನ್ನು ಮತ್ತೆ ತೆಗೆಸಲಾ? ಬಣ್ಣವನ್ನೂ ಹಳದಿ ಮಾಡಿಸಲಾ?

ಗ್ರೀಸ್_ಕೈ

ಕ್ರಾಸ್‌ಮೆಂಬರ್ ಫೋಟೋ ಎಲ್ಲಿ ಮಾರಾಯ್ರೆ?