ಆಡಿಯೊ ಪುಸ್ತಕದ ಪರವಾನಗಿ ಒಪ್ಪಂದ: ಸಹಿ ಹಾಕುವ ಮುನ್ನ ಯಾವ ಷರತ್ತುಗಳನ್ನು ಬದಲಿಸಲು ಕೇಳಬೇಕು?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಕೆಲವು ವರ್ಷಗಳ ಹಿಂದೆ ಪ್ರಕಟವಾದ ನನ್ನ ಕಾದಂಬರಿಯನ್ನು ಆಡಿಯೊ ಪುಸ್ತಕವಾಗಿ ತರಲು ಒಂದು ಕಂಪನಿ ಮುಂದೆ ಬಂದಿದ್ದು, ಇಂಗ್ಲಿಷಿನಲ್ಲಿರುವ ಕರಡು ಒಪ್ಪಂದವನ್ನು ಕಳುಹಿಸಿದೆ. ತಲೆಬರಹದಲ್ಲಿ ‘ಪರವಾನಗಿ ಒಪ್ಪಂದ’ ಎಂದಿದೆ. ಆದರೆ ಎರಡನೆಯ ಷರತ್ತಿನ ಪ್ರಕಾರ, ಈಗಿರುವ ಮತ್ತು ಮುಂದೆ ಬರಬಹುದಾದ ಎಲ್ಲ ಮಾಧ್ಯಮಗಳಲ್ಲಿ, ಎಲ್ಲ ಭಾಷೆಗಳಲ್ಲಿ, ಪ್ರಪಂಚದಾದ್ಯಂತ, ಶಾಶ್ವತವಾಗಿ ಕೃತಿಯನ್ನು ಬಳಸಿಕೊಳ್ಳುವ ಎಕ್ಸ್‌ಕ್ಲೂಸಿವ್ ಹಕ್ಕು ಕಂಪನಿಗೆ ಸೇರುತ್ತದೆ. ಪ್ರತಿಫಲವಾಗಿ 40,000 ರೂಪಾಯಿ ಮುಂಗಡವನ್ನೂ, ಅದು ವಸೂಲಾದ ಮೇಲೆ ‘ನಿವ್ವಳ ಆದಾಯ’ದ ಶೇಕಡಾ 20ರಷ್ಟು ರಾಯಧನವನ್ನೂ ಕೊಡುವುದಾಗಿ ಬರೆದಿದ್ದಾರೆ.

ಶೇಕಡಾವಾರನ್ನು 25ಕ್ಕೆ ಏರಿಸಲು ಕೇಳಬೇಕೆಂದು ಸ್ನೇಹಿತರು ಹೇಳುತ್ತಿದ್ದಾರೆ. ಫೋನಿನಲ್ಲಿ ಮಾತನಾಡಿದ ವ್ಯವಸ್ಥಾಪಕರು, ‘ಸಿನಿಮಾ, ಅನುವಾದ ಇವೆಲ್ಲ ನಮಗೆ ಬೇಕಿಲ್ಲ, ಅದು ಎಲ್ಲರಿಗೂ ಕಳುಹಿಸುವ ಮಾದರಿ ಕರಡು ಅಷ್ಟೇ’ ಎಂದರು. ಅವರ ಮಾತನ್ನು ನಂಬಿ ಮುಂದುವರಿಯಬಹುದೇ? ಯಾವುದನ್ನು ಪಟ್ಟು ಹಿಡಿದು ಕೇಳಬೇಕು, ಯಾವುದನ್ನು ಬಿಟ್ಟುಕೊಡಬಹುದು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು. ಮುದ್ರಿತ ಪುಸ್ತಕದ ಪ್ರಕಾಶಕರೊಂದಿಗೆ ಒಂದು ಪುಟದ ಹಳೆಯ ಪತ್ರವೂ ಇದೆ. ಅದರಲ್ಲಿ ಮೊದಲ ಮುದ್ರಣದ ವಿಷಯ ಬಿಟ್ಟು ಬೇರೇನೂ ಇಲ್ಲ.

ಕರಡುಪತ್ರ:

ಶೇಕಡಾ 20ರ ಚರ್ಚೆಯನ್ನು ಸದ್ಯಕ್ಕೆ ಬದಿಗಿಡಿ. ಏನನ್ನು ಕೊಡುತ್ತಿದ್ದೀರಿ, ಅದು ಯಾವಾಗ ಹಿಂದಿರುಗುತ್ತದೆ ಎಂಬ ಎರಡು ಪ್ರಶ್ನೆಗಳು ಇತ್ಯರ್ಥವಾಗದೆ ದರದ ಬಗ್ಗೆ ಚೌಕಾಸಿ ಮಾಡುವುದರಲ್ಲಿ ಅರ್ಥವಿಲ್ಲ. ವಕೀಲಿ ವೃತ್ತಿಯಲ್ಲಿ ಇಂತಹ ಕರಡುಗಳನ್ನು ನಿರಂತರವಾಗಿ ನೋಡುತ್ತಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

1957ರ ಹಕ್ಕುಸ್ವಾಮ್ಯ ಕಾಯಿದೆಯ ಸೆಕ್ಷನ್ 14ರ ಪ್ರಕಾರ ಸಾಹಿತ್ಯ ಕೃತಿಯ ಹಕ್ಕು ಒಂದೇ ಇಡುಗಂಟಲ್ಲ. ಪ್ರತಿ ಮಾಡುವುದು, ಸಾರ್ವಜನಿಕರಿಗೆ ತಲುಪಿಸುವುದು, ಅನುವಾದ, ರೂಪಾಂತರ, ಚಲನಚಿತ್ರ, ಧ್ವನಿಮುದ್ರಣ ಎಲ್ಲವೂ ಬೇರೆಬೇರೆಯಾಗಿ ಕೊಡಬಹುದಾದ ಹಕ್ಕುಗಳು. ಕಂಪನಿಗೆ ಬೇಕಿರುವುದು ಧ್ವನಿಮುದ್ರಣ ಮತ್ತು ಅದರ ವಿತರಣೆ ಮಾತ್ರ. ಹೀಗಿರುವಾಗ ಉಳಿದವನ್ನು ಏಕೆ ಬರೆಸಿಕೊಳ್ಳಬೇಕು? ‘ಎಕ್ಸ್‌ಕ್ಲೂಸಿವ್’ ಎಂಬುದರ ವ್ಯಾಪ್ತಿಯನ್ನೂ ಗಮನಿಸಿ. ಕಾಯಿದೆಯ ವ್ಯಾಖ್ಯೆಯಲ್ಲಿ ಅದು ಹಕ್ಕುದಾರರನ್ನೂ ಒಳಗೊಂಡಂತೆ ಬೇರೆ ಎಲ್ಲರನ್ನೂ ಹೊರಗಿಡುತ್ತದೆ. ಈಗಿನ ಕರಡಿಗೆ ಸಹಿ ಹಾಕಿದರೆ ನಿಮ್ಮದೇ ಕಾದಂಬರಿಯ ಅನುವಾದಕ್ಕೆ ನೀವೇ ಒಪ್ಪಿಗೆ ಕೊಡಲಾಗದ ಸ್ಥಿತಿ ಬರುತ್ತದೆ. ಮೇಲೆ ‘ಪರವಾನಗಿ’ ಎಂದು ಬರೆದಿದ್ದರೂ, ದಾಖಲೆಯ ಒಳಗಿನ ಷರತ್ತುಗಳು ಹಕ್ಕನ್ನು ಪೂರ್ತಿಯಾಗಿ ವರ್ಗಾಯಿಸುವಂತಿದ್ದರೆ ನ್ಯಾಯಾಲಯ ತಲೆಬರಹಕ್ಕಿಂತ ಷರತ್ತುಗಳನ್ನೇ ನೋಡುತ್ತದೆ.

ಲೇಖಕರ ರಕ್ಷಣೆಗೆ ಕಾಯಿದೆಯಲ್ಲಿ ಕೆಲವು ಏರ್ಪಾಡುಗಳಿವೆ. ಅವಧಿ ನಮೂದಿಸದಿದ್ದರೆ ಐದು ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ ಎನ್ನುತ್ತದೆ ಸೆಕ್ಷನ್ 19. ಒಂದು ವರ್ಷದೊಳಗೆ ಹಕ್ಕನ್ನು ಬಳಸದಿದ್ದರೆ ಅದು ರದ್ದಾಗುತ್ತದೆ ಎಂದೂ ಹೇಳುತ್ತದೆ. ಸೆಕ್ಷನ್ 30ಎ ಮೂಲಕ ಇವು ಪರವಾನಗಿಗೂ ಅನ್ವಯಿಸುತ್ತವೆ. ಆದರೆ ಇವೆಲ್ಲ ಒಪ್ಪಂದ ಮೌನವಾಗಿದ್ದಾಗ ಮಾತ್ರ. ‘ಶಾಶ್ವತ’, ‘ಪ್ರಪಂಚದಾದ್ಯಂತ’ ಎಂದು ಬರೆದ ಕೂಡಲೇ ಮೊದಲಿನ ಎರಡರ ಪ್ರಯೋಜನ ಹೋಯಿತು. ಮೂರನೆಯದನ್ನು ತಪ್ಪಿಸಲು ‘ಸೆಕ್ಷನ್ 19(4) ಈ ಒಪ್ಪಂದಕ್ಕೆ ಅನ್ವಯಿಸತಕ್ಕದ್ದಲ್ಲ’ ಎಂಬ ಒಂದು ಸಾಲನ್ನು ಕರಡಿನ ಕೊನೆಯ ಪುಟಗಳಲ್ಲಿ ಸೇರಿಸುವುದು ರೂಢಿ. ನಿಮ್ಮ ಕರಡಿನಲ್ಲಿ ಅದನ್ನು ಹುಡುಕಿ ತೆಗೆಸಿ.

‘ಮುಂದೆ ಬರಬಹುದಾದ ಮಾಧ್ಯಮ’ದ ಬಗ್ಗೆ ಒಂದು ಸೂಕ್ಷ್ಮವಿದೆ. 2012ರ ತಿದ್ದುಪಡಿಯು ಸೆಕ್ಷನ್ 18ಕ್ಕೆ ಸೇರಿಸಿದ ನಿಯಮದ ಪ್ರಕಾರ, ಒಪ್ಪಂದದ ವೇಳೆಗೆ ಅಸ್ತಿತ್ವದಲ್ಲಿ ಅಥವಾ ವಾಣಿಜ್ಯ ಬಳಕೆಯಲ್ಲಿ ಇಲ್ಲದ ಮಾಧ್ಯಮವನ್ನು ನಿರ್ದಿಷ್ಟವಾಗಿ ಹೆಸರಿಸದ ಹೊರತು ಹಕ್ಕಿನ ವರ್ಗಾವಣೆ ಅದಕ್ಕೆ ಅನ್ವಯಿಸುವುದಿಲ್ಲ. ಇದು ನಮಗೆ ಬಲ ಕೊಡುತ್ತದೆ ಎಂದು ಹಲವರು ನೆಮ್ಮದಿಯಿಂದಿರುತ್ತಾರೆ. ಆದರೆ ಆ ನಿಯಮದ ಪದಗಳು ವರ್ಗಾವಣೆಯನ್ನು ಕುರಿತವು, ಮತ್ತು ಸೆಕ್ಷನ್ 30ಎ ಪರವಾನಗಿಗೆ ಎಳೆದು ತರುವುದು ಸೆಕ್ಷನ್ 19ನ್ನು ಮಾತ್ರ. ಆದ್ದರಿಂದ ಪರವಾನಗಿಯಲ್ಲಿ ಆ ರಕ್ಷಣೆಯನ್ನು ನೀವೇ ಬರೆದುಕೊಳ್ಳಬೇಕು. ಎರಡನೆಯ ಷರತ್ತನ್ನು ತೆಗೆದು, ಆ ಜಾಗದಲ್ಲಿ ಈ ಅರ್ಥ ಬರುವಂತೆ ಬರೆಯಲು ಕೇಳಿ:

“ಕೃತಿಯ ಕನ್ನಡ ಮೂಲಪಾಠವನ್ನು, ಸಂಕ್ಷೇಪಿಸದೆ, ಮಾನವ ವಾಚಕರ ಧ್ವನಿಯಲ್ಲಿ ಮುದ್ರಿಸಿ, ಆಡಿಯೊ ಪುಸ್ತಕದ ರೂಪದಲ್ಲಿ ವಿತರಿಸುವ ಹಕ್ಕನ್ನು ಮಾತ್ರ ಲೇಖಕರು ಕಂಪನಿಗೆ ಏಳು ವರ್ಷಗಳ ಅವಧಿಗೆ ನೀಡುತ್ತಾರೆ. ಇಲ್ಲಿ ಸ್ಪಷ್ಟವಾಗಿ ನೀಡದ ಎಲ್ಲ ಹಕ್ಕುಗಳೂ ಲೇಖಕರಲ್ಲೇ ಉಳಿಯುತ್ತವೆ. ಕೃತಿಯನ್ನಾಗಲಿ ಧ್ವನಿಮುದ್ರಣವನ್ನಾಗಲಿ ಕೃತಕ ಧ್ವನಿಯನ್ನು ರೂಪಿಸಲು ಅಥವಾ ಕೃತಕ ಬುದ್ಧಿಮತ್ತೆಯ ತರಬೇತಿಗೆ ಲೇಖಕರ ಪ್ರತ್ಯೇಕ ಲಿಖಿತ ಒಪ್ಪಿಗೆಯಿಲ್ಲದೆ ಬಳಸತಕ್ಕದ್ದಲ್ಲ.”

‘ಮಾತ್ರ’ ಮತ್ತು ‘ಸ್ಪಷ್ಟವಾಗಿ ನೀಡದ’ ಎಂಬ ಪದಗಳನ್ನು ಅವರು ತೆಗೆಯಲು ಯತ್ನಿಸಬಹುದು. ಬಿಟ್ಟುಕೊಡಬೇಡಿ.

ಇನ್ನು ಒಪ್ಪಂದ ಮುಗಿದ ಮೇಲಿನ ಸ್ಥಿತಿ. ಧ್ವನಿಮುದ್ರಣದ ಹಕ್ಕುಸ್ವಾಮ್ಯ ಸಾಮಾನ್ಯವಾಗಿ ಅದನ್ನು ತಯಾರಿಸಿದ ಕಂಪನಿಯದು, ಅದರ ಆಯುಷ್ಯ ಪ್ರಕಟಣೆಯ ನಂತರ 60 ವರ್ಷ. ಕಾದಂಬರಿಯ ಹಕ್ಕು ನಿಮ್ಮದು, ಅದು ನಿಮ್ಮ ಜೀವಿತಾವಧಿಯ ನಂತರವೂ 60 ವರ್ಷ ಇರುತ್ತದೆ. ಅಂದರೆ ಅವಧಿ ಮುಗಿದ ಮೇಲೆ ಒಬ್ಬರ ಒಪ್ಪಿಗೆಯಿಲ್ಲದೆ ಇನ್ನೊಬ್ಬರು ಆ ಮುದ್ರಣವನ್ನು ಬಳಸುವಂತಿಲ್ಲ. ಆದರೆ ಕರಡಿನ ‘ಮುಕ್ತಾಯದ ಪರಿಣಾಮಗಳು’ ಎಂಬ ಭಾಗದಲ್ಲಿ, ಅವಧಿಯೊಳಗೆ ತಯಾರಾದ ಮುದ್ರಣಗಳನ್ನು ಕಂಪನಿ ನಿರಂತರವಾಗಿ ಮಾರಬಹುದು ಎಂಬ ಸಾಲು ಸೇರಿಕೊಂಡಿದ್ದರೆ, ಏಳು ವರ್ಷದ ಮಿತಿ ಕಾಗದದ ಮೇಲಷ್ಟೇ ಉಳಿಯುತ್ತದೆ. ಇಂತಿಷ್ಟು ದಿನಗಳೊಳಗೆ ಎಲ್ಲ ವೇದಿಕೆಗಳಿಂದ ತೆಗೆಯಬೇಕು, ಈಗಾಗಲೇ ಖರೀದಿಸಿದ ಕೇಳುಗರ ಪ್ರತಿಗಳಿಗೆ ಮಾತ್ರ ವಿನಾಯಿತಿ ಎಂದು ಬರೆಸಿ.

ವಿವಾದದ ಷರತ್ತಿನಲ್ಲಿ ಕಂಪನಿಯೇ ಏಕೈಕ ಮಧ್ಯಸ್ಥಗಾರರನ್ನು ನೇಮಿಸುತ್ತದೆ ಎಂದಿದ್ದರೆ, ಫಲಿತಾಂಶದಲ್ಲಿ ಹಿತಾಸಕ್ತಿ ಇರುವವರು ಹಾಗೆ ಏಕಪಕ್ಷೀಯವಾಗಿ ನೇಮಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಪರ್ಕಿನ್ಸ್ ಈಸ್ಟ್‌ಮನ್ ತೀರ್ಪಿನಲ್ಲಿ ಹೇಳಿರುವುದನ್ನು ಉಲ್ಲೇಖಿಸಿ.

ಧ್ವನಿಶಾಲೆ:

ಆಡಿಯೊ ಕ್ಷೇತ್ರದಲ್ಲಿ ಕಂಪನಿಯ ಪರವಾಗಿ ಒಪ್ಪಂದಗಳನ್ನು ನೋಡಿಕೊಳ್ಳುವವನಾಗಿ, ಎದುರುಗಡೆಯ ಕಾರಣಗಳನ್ನು ತಿಳಿಸುವುದು ಉಪಯುಕ್ತವೆಂದು ಭಾವಿಸುತ್ತೇನೆ. ವಾಚಕರ ಸಂಭಾವನೆ, ಸ್ಟುಡಿಯೊ ಬಾಡಿಗೆ, ತಪ್ಪು ತಿದ್ದಿ ಮತ್ತೆ ಓದಿಸುವುದು, ಸಂಕಲನ ಎಲ್ಲವೂ ಮೊದಲೇ ಖರ್ಚಾಗುತ್ತವೆ, ಹಣ ಮಾತ್ರ ನಿಧಾನವಾಗಿ ಬರುತ್ತದೆ. ಆದ್ದರಿಂದ ಕಂಪನಿ ದೀರ್ಘ ಅವಧಿ ಕೇಳುವುದು ಸಹಜ. ಕನ್ನಡ ಆಡಿಯೊ ಮಟ್ಟಿಗೆ ಎಕ್ಸ್‌ಕ್ಲೂಸಿವ್ ಹಕ್ಕನ್ನೂ ಪ್ರಪಂಚದಾದ್ಯಂತದ ವ್ಯಾಪ್ತಿಯನ್ನೂ ಧಾರಾಳವಾಗಿ ಕೊಡಿ, ಏಕೆಂದರೆ ಹೊರದೇಶಗಳಲ್ಲಿರುವ ಕನ್ನಡಿಗರು ಮುದ್ರಿತ ಪುಸ್ತಕ ಕೈಗೆ ಸಿಗದೆ ಕೇಳುವುದನ್ನೇ ನೆಚ್ಚಿಕೊಂಡಿದ್ದಾರೆ. ಇದಕ್ಕೆ ಪ್ರತಿಯಾಗಿ, ಸತತ ಎರಡು ವರ್ಷ ರಾಯಧನ ಒಂದು ನಿಗದಿತ ಮೊತ್ತಕ್ಕಿಂತ ಕಡಿಮೆಯಾದರೆ ಹಕ್ಕು ಲೇಖಕರಿಗೆ ಮರಳಬೇಕೆಂಬ ಷರತ್ತನ್ನು ಕೇಳಿ. ಪುಸ್ತಕವನ್ನು ಪ್ರಚಾರ ಮಾಡುವ ಉದ್ದೇಶವಿರುವ ಕಂಪನಿಗೆ ಇದನ್ನು ಒಪ್ಪಲು ಕಷ್ಟವಾಗಬಾರದು.

‘ನಿವ್ವಳ ಆದಾಯ’ದ ವ್ಯಾಖ್ಯೆಯನ್ನು ಪದಪದವಾಗಿ ಓದಿ. ಚಂದಾ ಆಧಾರಿತ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ಕೇಳಿದ ನಿಮಿಷಗಳ ಮೇಲೆ ಹಂಚಿಕೆ ನಡೆಯುತ್ತದೆ. ಒಂದು ತಿಂಗಳ ಹಂಚಿಕೆಯ ಮೊತ್ತ 2,00,000 ರೂಪಾಯಿ, ಒಟ್ಟು ಕೇಳಿದ ಅವಧಿ 4,00,000 ನಿಮಿಷ, ನಿಮ್ಮ ಪುಸ್ತಕದ ಪಾಲು 10,000 ನಿಮಿಷ ಎಂದುಕೊಳ್ಳೋಣ. ನಿಮ್ಮ ಪುಸ್ತಕದ ಲೆಕ್ಕಕ್ಕೆ 5,000 ರೂಪಾಯಿ ಬರುತ್ತದೆ, ಅದರ ಶೇಕಡಾ 20 ಎಂದರೆ 1,000 ರೂಪಾಯಿ. ಇದೇ ವೇಗದಲ್ಲಿ ನಿಮ್ಮ ಮುಂಗಡ ವಸೂಲಾಗಲು 40 ತಿಂಗಳು ಬೇಕು. ಆ್ಯಪ್ ಅಂಗಡಿಯ ಕಮಿಷನ್, ಜಾಹೀರಾತು, ಧ್ವನಿಮುದ್ರಣದ ವೆಚ್ಚ ಇವನ್ನೂ ಮೊದಲೇ ಕಳೆದರೆ ಆ 5,000 ಇನ್ನಷ್ಟು ಕರಗುತ್ತದೆ. ಅಂಗಡಿಯ ಕಮಿಷನ್ ಮತ್ತು ತೆರಿಗೆಯ ಕಡಿತವನ್ನು ಒಪ್ಪಿಕೊಳ್ಳಿ. ಜಾಹೀರಾತು ಮತ್ತು ತಯಾರಿಕೆಯ ವೆಚ್ಚ ನಮ್ಮ ವ್ಯಾಪಾರದ ಖರ್ಚು, ಅದನ್ನು ಲೇಖಕರ ಪಾಲಿನಿಂದ ಕಳೆಯುವುದು ನ್ಯಾಯವಲ್ಲ. ಆರು ತಿಂಗಳಿಗೊಮ್ಮೆ ನಿಮಿಷಗಳ ಸಂಖ್ಯೆಯೂ ಇರುವ ಲೆಕ್ಕಪತ್ರ, ವರ್ಷಕ್ಕೊಮ್ಮೆ ಲೆಕ್ಕ ಪರಿಶೀಲಿಸುವ ಹಕ್ಕು, ಮುಂಗಡ ವಸೂಲಾಗದಿದ್ದರೂ ಹಿಂದಿರುಗಿಸಬೇಕಿಲ್ಲ ಎಂಬ ಸಾಲು, ಈ ಮೂರು ಇರಲಿ.

ನಷ್ಟಭರ್ತಿಯ ಷರತ್ತನ್ನು, ಅಂದರೆ ಕೃತಿಯ ಹಕ್ಕಿನ ಬಗ್ಗೆ ಬೇರೆಯವರು ತಕರಾರು ತೆಗೆದರೆ ಕಂಪನಿಗಾಗುವ ನಷ್ಟವನ್ನು ನೀವು ತುಂಬಿಕೊಡಬೇಕೆಂಬ ಷರತ್ತನ್ನು, ಪೂರ್ತಿ ತೆಗೆಸಲು ಸಮಯ ಕಳೆಯಬೇಡಿ, ಕೃತಿ ನಿಮ್ಮದೇ ಎಂಬ ಭರವಸೆ ಇಲ್ಲದೆ ಯಾವ ಕಂಪನಿಯೂ ಸಹಿ ಹಾಕುವುದಿಲ್ಲ. ಹೊಣೆಯ ಮಿತಿ ನಿಮಗೆ ಸಂದಾಯವಾದ ಮೊತ್ತವನ್ನು ಮೀರಬಾರದು ಎಂದು ಕೇಳುವುದು ಸಾಕು.

ಅನುವಾದಕಿ_ಧಾರವಾಡ:

ವ್ಯವಸ್ಥಾಪಕರು ಫೋನಿನಲ್ಲಿ ಹೇಳಿದ ಮಾತಿನ ಬಗ್ಗೆ ಮೇಲಿನವರು ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಇಂತಹ ಕರಡುಗಳ ಕೊನೆಯಲ್ಲಿ, ಈ ದಾಖಲೆಯೇ ಸಂಪೂರ್ಣ ಒಪ್ಪಂದ, ಇದಕ್ಕೆ ಮುಂಚಿನ ಎಲ್ಲ ಮಾತುಕತೆ ಮತ್ತು ಪತ್ರವ್ಯವಹಾರ ಅನೂರ್ಜಿತ ಎಂಬ ಷರತ್ತು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದಕ್ಕೆ ಸಹಿ ಹಾಕಿದ ಕ್ಷಣ ‘ಸಿನಿಮಾ ನಮಗೆ ಬೇಕಿಲ್ಲ’ ಎಂಬ ಮಾತಿಗೆ ಬೆಲೆ ಉಳಿಯುವುದಿಲ್ಲ. ಆ ವ್ಯವಸ್ಥಾಪಕರು ಪ್ರಾಮಾಣಿಕರೇ ಇರಬಹುದು, ಆದರೆ ಅವರು ಕೆಲಸ ಬಿಟ್ಟ ಮೇಲೆ ಆ ಜಾಗಕ್ಕೆ ಬಂದವರು ಓದುವುದು ಕಾಗದವನ್ನು ಮಾತ್ರ. ಹಾಗಾಗಿ ಅವರ ಮಾತನ್ನೇ ಆಧಾರವಾಗಿಟ್ಟುಕೊಂಡು, ‘ತಾವು ದೂರವಾಣಿಯಲ್ಲಿ ತಿಳಿಸಿದಂತೆ ಚಲನಚಿತ್ರ ಮತ್ತು ಅನುವಾದದ ಹಕ್ಕುಗಳು ತಮಗೆ ಬೇಕಿಲ್ಲವಾದ್ದರಿಂದ ಎರಡನೆಯ ಷರತ್ತನ್ನು ಹೀಗೆ ಬದಲಿಸಿದ್ದೇನೆ’ ಎಂದು ಇಮೇಲ್ ಬರೆಯಿರಿ. ತಾವೇ ಹೇಳಿದ್ದನ್ನು ನಿರಾಕರಿಸುವುದು ಅವರಿಗೆ ಮುಜುಗರದ ಸಂಗತಿಯಾಗುತ್ತದೆ.

ಇಡೀ ಕರಡನ್ನು ತಿದ್ದಿ ಕಳುಹಿಸಬೇಡಿ. ಹತ್ತಾರು ಕೆಂಪು ಗೆರೆಗಳಿದ್ದರೆ ಅದು ನೇರವಾಗಿ ಅವರ ಕಾನೂನು ವಿಭಾಗಕ್ಕೆ ಹೋಗಿ ಅಲ್ಲೇ ಕೂರುತ್ತದೆ. ಹಕ್ಕಿನ ವ್ಯಾಪ್ತಿ, ಅವಧಿ ಮತ್ತು ಮರಳುವಿಕೆ, ನಿವ್ವಳ ಆದಾಯದ ವ್ಯಾಖ್ಯೆ, ಈ ಮೂರರ ಬದಲಾವಣೆಗಳನ್ನು ಸಿದ್ಧ ವಾಕ್ಯಗಳಲ್ಲಿ ಕಳುಹಿಸಿ. ಸೆಕ್ಷನ್ 57ರ ಅಡಿ ಕೃತಿಯ ಕರ್ತೃತ್ವವನ್ನು ಸಾರುವ ಮತ್ತು ವಿರೂಪಗೊಳಿಸುವುದನ್ನು ತಡೆಯುವ ಹಕ್ಕು ಲೇಖಕರಿಗಿದೆ. ಅದನ್ನು ಬಿಟ್ಟುಕೊಡುವ ಸಾಲು ಕಂಡರೆ ಅದನ್ನೂ ಸೇರಿಸಿ. ಕಾದಂಬರಿಯ ಆಡುಮಾತನ್ನು ಯಾವ ಸೀಮೆಯ ವಾಚಕರು ಓದುತ್ತಾರೆ ಎಂಬುದು ನನ್ನ ದೃಷ್ಟಿಯಲ್ಲಿ ಹಣಕ್ಕಿಂತ ದೊಡ್ಡ ವಿಷಯ. ಮಾದರಿ ಧ್ವನಿಯನ್ನು ಕೇಳಿ ಒಪ್ಪಿಗೆ ಕೊಡುವ ಅವಕಾಶವನ್ನು ದಯವಿಟ್ಟು ಕೇಳಿ ಪಡೆಯಿರಿ.

ತುಂಗಾತೀರ:

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಕರಡನ್ನು ಮತ್ತೆ ಓದಿದಾಗ ಸೆಕ್ಷನ್ 19(4)ರ ಸಾಲು ಕೊನೆಯ ಪುಟದ ‘ಇತರೆ’ ಭಾಗದಲ್ಲಿ ಸಿಕ್ಕಿತು. ಒಂದೇ ಪ್ರಶ್ನೆ ಉಳಿದಿದೆ: ಹಳೆಯ ಪ್ರಕಾಶಕರ ಒಪ್ಪಿಗೆ ಬೇಕೇ?

ಕರಡುಪತ್ರ:

ನೀವು ಹೇಳಿದಂತೆ ಆ ಪತ್ರದಲ್ಲಿ ಮುದ್ರಣದ ಮಾತು ಮಾತ್ರ ಇದ್ದರೆ ಆಡಿಯೊ ಹಕ್ಕು ನಿಮ್ಮಲ್ಲೇ ಇದೆ, ಕಾನೂನಿನ ಪ್ರಕಾರ ಅವರ ಒಪ್ಪಿಗೆ ಬೇಕಿಲ್ಲ. ಆದರೂ ಅವರಿಂದ ಎರಡು ಸಾಲಿನ ನಿರಾಕ್ಷೇಪಣಾ ಪತ್ರ ಪಡೆಯಿರಿ, ಕಂಪನಿಗೆ ಕೊಡುವ ಭರವಸೆಗೆ ಅದು ಆಧಾರವಾಗುತ್ತದೆ. ಮುಖಪುಟದ ಚಿತ್ರವನ್ನು ಆಡಿಯೊಗೆ ಬಳಸುವುದಾದರೆ ಮಾತ್ರ ಬೇರೆ ವಿಚಾರ. ಆ ಚಿತ್ರದ ಹಕ್ಕು ಕಲಾವಿದರದೋ ಪ್ರಕಾಶಕರದೋ ಎಂಬುದನ್ನು ವಿಚಾರಿಸಿ, ಅನುಮತಿ ಪಡೆಯುವ ಹೊಣೆ ಕಂಪನಿಯದೆಂದು ಒಪ್ಪಂದದಲ್ಲಿ ಬರೆಸಿ.